ಏಳನೇ ಪ್ರಶ್ನೆಗೆ ನನ್ನ ಉತ್ತರ

ಮಾರ್ಚ್ 4, ಬೆಳಿಗ್ಗೆ

ಮದುವೆಯಾಯಿತು, ನನಗೆ, ಅರವತ್ತೊಂದನೇ ವಯಸ್ಸಿನಲ್ಲಿ, ಮೊದಲನೇ ಸಲ — ಹೀಗೆ ಬರೆಯುತ್ತಾ ಕೂತಿದ್ದಾಗ ಹಾಲು ಉಕ್ಕಿ ಸ್ಟವ್ ತುಂಬ ಹರಿಯಿತು. ಒರೆಸುವಾಗಲೂ ನಗು. ಕಿಟಕಿ ಗಾಜಿನಲ್ಲಿ ಮುಖ ಕಂಡಿತು, ಹುಚ್ಚಿ ಹಾಗೆ.

ನಿನ್ನೆ ವಾಪಸ್ ಬಂದೆ. ಗಡಿಯಾಚೆ, ಅವರ ಊರಲ್ಲಿ ಒಂದು ವಾರ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿಗೆ ಅವರ ಹಾರ್ಟ್ ಡಾಕ್ಟರು. ಅತ್ತೆ ವೀಲ್‌ಚೇರಿನಲ್ಲಿ. ತೊಂಬತ್ತೊಂದು ವಯಸ್ಸು, ಕಿವಿ ಚುರುಕು. ನನ್ನ ಗದ್ದ ಹಿಡಿದು ಆಕಡೆ ಈಕಡೆ ತಿರುಗಿಸಿ, "ಹುಡುಗಿ ಪರವಾಗಿಲ್ಲ ಕಣೋ, ಸ್ವಲ್ಪ ಬಡಕಲು" ಅಂದರು. ಮಂಡಿಗೆ ಬೆಲ್ಟ್ ಕಟ್ಟಿಕೊಂಡ ಹುಡುಗಿ.

ಇಬ್ಬರೂ ಹುಟ್ಟಿದ ದೇಶ ಬಿಟ್ಟವರು. ಅವರು ಗಡಿಯಾಚೆಯ ದೇಶದಲ್ಲಿ ರಿಟೈರ್ ಆದರು, ನಾನು ಈ ದೇಶದಲ್ಲಿ, ಆಸ್ಪತ್ರೆ ಲ್ಯಾಬಿನಿಂದ. ಸಿಕ್ಕಿದ್ದು ಎರಡೂ ದೇಶದವರಿಗೆ ಗಡಿಯಲ್ಲಿ ನಡೆಯುವ ಪೆನ್ಷನ್ ಕ್ಯಾಂಪಿನಲ್ಲಿ. ವರ್ಷಕ್ಕೊಮ್ಮೆ ಹೋಗಿ ನಾವಿನ್ನೂ ಬದುಕಿದ್ದೇವೆ ಅಂತ ಸಹಿ ಹಾಕಬೇಕಲ್ಲ, ಆ ಕ್ಯೂನಲ್ಲಿ. ನನ್ನ ಪೆನ್ ಕೈ ಕೊಟ್ಟಿತು. ಹಿಂದೆ ನಿಂತಿದ್ದವರು ತಮ್ಮದು ಕೊಟ್ಟರು. ವಾಪಸ್ ಕೊಡಲೇ ಇಲ್ಲ ನಾನು. ಈಗ ಅದರಲ್ಲೇ ಬರೆಯುತ್ತಿದ್ದೇನೆ.

ಮನೆ ಖಾಲಿ ಮಾಡಿ, ಸಾಮಾನು ಕಟ್ಟಿ, ಹೊರಡೋದು. ಅಷ್ಟೇ ಉಳಿದಿರೋದು.

ಅದೇ ದಿನ, ಸಂಜೆ

ಟ್ಯಾಕ್ಸ್ ಡಿಪಾರ್ಟ್‌ಮೆಂಟಿಗೆ ಕೊಡುವ, ರಿಟೈರ್ ಆದವರ ವಾರ್ಷಿಕ ಡಿಕ್ಲರೇಷನ್ ತುಂಬಿದೆ, ಆನ್‌ಲೈನ್. ಪ್ರತಿ ವರ್ಷ ತಲೆನೋವು. ಈ ಸಲ ಹಾಡಿಕೊಂಡು ತುಂಬಿದೆ. Married ಮುಂದಿನ ಡಬ್ಬಿಗೆ ಟಿಕ್ ಹಾಕಿ, ತೆಗೆದು, ಮತ್ತೆ ಹಾಕಿದೆ, ಸುಮ್ಮನೆ.

ಏಳನೇ ಪ್ರಶ್ನೆ: ನಿಮ್ಮ ಬದುಕಿನ ಕೇಂದ್ರ ಎಲ್ಲಿದೆ? ವಿಳಾಸ ಕೊಡಿ.

ಇಷ್ಟು ಸುಲಭದ ಪ್ರಶ್ನೆಯನ್ನು ಈ ಡಿಪಾರ್ಟ್‌ಮೆಂಟು ಜನ್ಮದಲ್ಲಿ ಕೇಳಿರಲಿಲ್ಲ. ಗಂಡನ ಮನೆಯ ವಿಳಾಸ ಬರೆದೆ. ಪಿನ್‌ಕೋಡ್ ಸಮೇತ, ಬಾಯಿಪಾಠ. ಸಬ್ಮಿಟ್.

ಮಾರ್ಚ್ 9

ಹೊಸ ಕಪ್ ತಂದೆ, ನೀಲಿ, ದೊಡ್ಡ ಹಿಡಿಯದು. ಅವರ ಬೆರಳು ದಪ್ಪ. ಹೇಗೂ ಅಲ್ಲಿಗೇ ಹೋಗೋಳು, ಇಲ್ಲಿಗ್ಯಾಕೆ ಕಪ್ಪು? ಗೊತ್ತಿಲ್ಲ. ನನ್ನ ಕಪ್ಪಿನ ಪಕ್ಕ ಇಟ್ಟೆ. ಶೆಲ್ಫಿಗೇ ಒಂದು ಕಳೆ ಬಂತು.

ರಾತ್ರಿ ಎಂಟಕ್ಕೆ, ದಿನದ ಹಾಗೆ, ಅವರ ಫೋನ್. "ಸಿಂಕ್ ಕಟ್ಟಿಕೊಂಡಿದೆ" ಅಂದರು. ಪೈಪಿನ ಬಗ್ಗೆಯೇ ಮಾತು, ಪೂರ್ತಿ. ಲೈಫಿನಲ್ಲಿ ಇಷ್ಟು ರೊಮ್ಯಾಂಟಿಕ್ ಮಾತುಕತೆ ಕೇಳಿಲ್ಲ. ಅಂಗಡಿಯವಳಿಗೆ "ನಮ್ಮನೆಯವರಿಗೆ" ಅಂತ ಹೇಳಿ ಕಪ್ ಕೊಂಡೆ. ಅವಳು ಕೇಳಿರಲಿಲ್ಲ.

ಮಾರ್ಚ್ 20

ಕಾಗದ ಬಂದಿದೆ. ನನ್ನ ರೆಸಿಡೆನ್ಸಿ ಕಾರ್ಡ್ ಪರಿಶೀಲನೆಯಲ್ಲಿದೆಯಂತೆ. 'ಬದುಕಿನ ಕೇಂದ್ರ ಬೇರೆ ದೇಶದಲ್ಲಿದೆ ಎಂದು ತಾವೇ ಘೋಷಿಸಿರುವುದರಿಂದ.' ಟ್ಯಾಕ್ಸ್ ಇಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಬೇಕೋ ತೀರ್ಮಾನವಾಗುವ ತನಕ ದೇಶ ಬಿಡಬಾರದು. ಬಿಟ್ಟರೆ ಕಾರ್ಡೂ ಹೋಯಿತು, ಟ್ಯಾಕ್ಸ್ ಬಾಕಿ ಇಲ್ಲವೆಂಬ ಕ್ಲಿಯರೆನ್ಸೂ ಹೋಯಿತು.

ಇಂಥ ಕಾಗದಪತ್ರ ನೋಡಿಕೊಳ್ಳುವ ಕನ್ಸಲ್ಟೆಂಟ್ ಹತ್ತಿರ ಓಡಿದೆ. ನಮ್ಮ ಭಾಷೆಯವನೇ, ಚಪ್ಪಲಿ ಅಂಗಡಿಯ ಮೇಲೆ ಒಂದು ರೂಮು, ಒಂದು ಪ್ರಿಂಟರು.

"ಯಾರು ಮೇಡಂ ಇದನ್ನ ತುಂಬಿದ್ದು?"

"ನಾನೇ."

"ಯಾಕೆ ಹೀಗೆ ತುಂಬಿದ್ರಿ?"

"ಕೇಳಿದ್ರಲ್ಲ."

ಹಣೆ ಒತ್ತಿಕೊಂಡ. "ಅವರು ಕೇಳಿದ್ದು ನಿಮ್ಮ ಪೆನ್ಷನ್ ಮೇಲೆ ಯಾರು ಟ್ಯಾಕ್ಸ್ ಹಾಕಬೇಕು ಅಂತ. ನೀವು ಲವ್ ಲೆಟರ್ ಬರೆದು ಕಳಿಸಿದ್ದೀರಿ."

ಎರಡು ದಾರಿ ಅಂದ. ಒಂದು, ಕೈತಪ್ಪಿ ಬರೆದೆ ಅಂತ ಒಪ್ಪಿಕೊಂಡು, ನನ್ನ ಬದುಕು ಇಲ್ಲೇ ಇದೆ ಅಂತ ಸಾಬೀತು ಮಾಡೋದು. ಕಾರ್ಡ್ ಉಳಿಯುತ್ತೆ, ಸಾಯುವ ತನಕ. ಗಂಡನನ್ನು ನೋಡಲು ಗೆಸ್ಟ್ ಆಗಿ ಹೋಗಿಬರಬಹುದು, ವರ್ಷಕ್ಕೆ ಮೂರು ತಿಂಗಳು ಮೀರದ ಹಾಗೆ. ಎರಡು, ಉತ್ತರ ಹಾಗೇ ಬಿಡೋದು. ಬಾಕಿ ಟ್ಯಾಕ್ಸ್ ಕಟ್ಟಿ, ಕಾರ್ಡ್ ಒಪ್ಪಿಸಿ, ಅವರ ಕಾರ್ಡಿನ ಮೇಲೆ ಡಿಪೆಂಡೆಂಟ್ ಆಗಿ ಹೋಗೋದು. ಒಮ್ಮೆ ಒಪ್ಪಿಸಿದರೆ ಮತ್ತೆ ಸಿಗಲ್ಲ.

"ಡಿಪೆಂಡೆಂಟ್ ಅಂದ್ರೆ ಎಲ್ಲಿವರೆಗೆ?"

"ಅವರು ಇರೋವರೆಗೆ."

"ಆಮೇಲೆ?"

ಪ್ರಿಂಟರಿಗೆ ಕಾಗದ ತುಂಬಿಸತೊಡಗಿದ. "ಆಮೇಲೆ ಸ್ವಲ್ಪ ಟೈಮ್ ಕೊಡ್ತಾರೆ. ದೇಶ ಬಿಡೋಕೆ."

ಅವರ ಎದೆಯಲ್ಲಿ ಎರಡು ಸ್ಟೆಂಟ್ ಇವೆ. ಅವರೇ ಇಲ್ಲಿಗೆ ಬರಲಿ ಅಂದರೆ ಅತ್ತೆಗೆ ಇಲ್ಲಿ ಪರ್ಮಿಟ್ ಸಿಗಲ್ಲ. ಆ ವಯಸ್ಸಿನವರನ್ನು ಯಾವ ದೇಶವೂ ಹೊಸದಾಗಿ ಒಳಗೆ ಬಿಟ್ಟುಕೊಳ್ಳಲ್ಲವಂತೆ.

ಮಾರ್ಚ್ 21

ತಂಗಿಗೆ ಫೋನ್ ಮಾಡಿದೆ, ಅವಳ ದೇಶದಲ್ಲಿ ಬೆಳಗಾಗುವುದನ್ನೇ ಕಾದು. "ಅಕ್ಕಾ, ತಲೆ ಕೆಟ್ಟಿದೆಯಾ? ಅಷ್ಟು ವರ್ಷ ದುಡಿದು ಸಂಪಾದಿಸಿದ ಕಾರ್ಡು. ಗಂಡ ಎಲ್ಲಿಗೂ ಓಡಿಹೋಗಲ್ಲ. ಕಾರ್ಡ್ ಬಿಟ್ಟು ನಾಳೆ ಅವರಿಗೇನಾದ್ರೂ ಆದ್ರೆ, ನಿನ್ನನ್ನ ಯಾರು ಇಟ್ಕೋತಾರೆ? ಹುಟ್ಟಿದೂರಲ್ಲಿ ನಮ್ಮದು ಅಂತ ಏನೂ ಉಳಿದಿಲ್ಲ. ನಾನೇ ಮಗಳ ಮನೇಲಿ ಸೋಫಾ ಮೇಲೆ ಮಲಗ್ತೀನಿ."

ಸರಿ. ಒಂದನೇ ದಾರಿ. ಬುದ್ಧಿ ಇರೋರು ಅದನ್ನೇ ಮಾಡ್ತಾರೆ.

ಮಾರ್ಚ್ 28

ಸಾಕ್ಷಿ ಹುಡುಕುತ್ತಿದ್ದೇನೆ, ನನ್ನ ಬದುಕು ಇಲ್ಲಿದೆ ಅಂತ. ಕನ್ಸಲ್ಟೆಂಟ್ ಹೇಳಿದ್ದು: ಸಂಘ, ಕ್ಲಬ್, ಸ್ನೇಹಿತರ ಪತ್ರ, ಏನಾದರೂ ಆದರೆ ಮೊದಲು ಫೋನ್ ಹೋಗಬೇಕಾದ ಸ್ಥಳೀಯರು ಯಾರು...

ಲೈಬ್ರರಿ ಕಾರ್ಡ್ ಇದೆ. ಎಕ್ಸ್‌ಪೈರ್ ಆಗಿದೆ. ಈಜಿನ ಕ್ಲಾಸಿಗೆ ಸೇರಿದ ರಸೀದಿ ಇದೆ, ಒಂದೇ ದಿನ ಹೋಗಿದ್ದು. ಹಲ್ಲಿನ ಡಾಕ್ಟರ್ ಹತ್ತಿರ ಹನ್ನೆರಡು ವರ್ಷದ ಎಕ್ಸ್‌ರೇ ಇವೆಯಂತೆ, ಕೊಡ್ತಾರಂತೆ. ಲ್ಯಾಬಿನ ಹಳೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದಳು. ಕೊನೆಗೆ, "ಸಾರಿ, ಯಾರು ಅಂದ್ರಿ?"

ಅಂತೂ ನಾನು ಇಲ್ಲಿ ಇದ್ದೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ನನ್ನ ಹಲ್ಲು.

ಏಪ್ರಿಲ್ 2

ಕೆಳಗಿನ ಮನೆಯಾಕೆ ಪತ್ರ ಬರೆದುಕೊಟ್ಟರು. ಪಾಪ, ತಕ್ಷಣ ಒಪ್ಪಿದರು, ಬಾಗಿಲಲ್ಲೇ ನಿಂತು. ಚೀಟಿ ಬರೆಯುವ ಹಾಗೆ ಚಿಕ್ಕ ಅಕ್ಷರ. 'ಇವರು ನನ್ನ ಮೇಲಿನ ಮನೆಯಲ್ಲಿ ಬಹಳ ವರ್ಷಗಳಿಂದ ವಾಸವಾಗಿದ್ದಾರೆ. ಅತ್ಯುತ್ತಮ ನೆರೆಯವರು. ಅವರ ಮನೆಯಿಂದ ಈವರೆಗೆ ಯಾವ ಶಬ್ದವೂ ಕೇಳಿಸಿಲ್ಲ.'

ಒಳ್ಳೆಯ ಸರ್ಟಿಫಿಕೇಟು. ಮೇಲೆ ಬಂದು ಬೇಕಂತಲೇ ಕುರ್ಚಿ ಎಳೆದೆ. ಒಂದೇ ಸಲ. ನಾಚಿಕೆಯಾಯಿತು.

ಮೊದಲು ಒಬ್ಬಳೇ ಇರುತ್ತಿದ್ದೆ, ಏನೂ ಅನಿಸುತ್ತಿರಲಿಲ್ಲ. ಈಗ ಆರೂವರೆಯಿಂದಲೇ ಫೋನ್ ನೋಡುತ್ತಾ ಕೂರೋದು.

ಏಪ್ರಿಲ್ 11, ಮಧ್ಯಾಹ್ನ

ಕಾರ್ಡ್ ಪರಿಶೀಲನೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಹೆಂಗಸು, ಕೈಯಲ್ಲಿ ಟ್ಯಾಬ್ಲೆಟ್, ಕೆಮ್ಮು. ಕೂರಿ ಅಂದರೆ ಕೂರಲಿಲ್ಲ. ಹಾಸಿಗೆ ನೋಡಿದರು, ಮಾತ್ರೆ ಡಬ್ಬಿ ನೋಡಿದರು, ಚಪ್ಪಲಿ ಸ್ಟ್ಯಾಂಡ್ ನೋಡಿದರು. ಕಪ್ ಎತ್ತಿ ತಿರುಗಿಸಿದರು. ತಳದಲ್ಲಿ ಅಂಗಡಿಯ ಸ್ಟಿಕರ್ ಇನ್ನೂ ಇತ್ತು.

"ಇದು ಯಾರದು?"

"ನಮ್ಮ ಯಜಮಾನರದು."

"ಇಲ್ಲಿಗೆ ಬಂದಿದ್ದಾರಾ?"

"ಇಲ್ಲ."

ಕಪ್ಪನ್ನು ಇದ್ದ ಜಾಗದಲ್ಲೇ, ಹಿಡಿ ಇದ್ದ ದಿಕ್ಕಿಗೇ ಇಟ್ಟರು. ಒಳ್ಳೆಯವರು. "ನೋಡಿ, ನಿಮ್ಮದೆಲ್ಲ ಇಲ್ಲೇ ಇದೆ. ಏಳನೇ ಪ್ರಶ್ನೆಗೆ ಕೊಟ್ಟ ಉತ್ತರ ತಪ್ಪು ಅಂತ ಇಲ್ಲಿ ಸಹಿ ಹಾಕಿದ್ರೆ ಇವತ್ತೇ ಮುಗಿಸಿಬಿಡ್ತೀನಿ."

ಪೆನ್ ತೆಗೆದೆ. ಯಜಮಾನರ ಪೆನ್. ಕ್ಯಾಪ್ ತೆಗೆದೆ. ಉತ್ತರ ತಪ್ಪು... ಬರೆಯಲು ಆಗಲಿಲ್ಲ. ಸಾವಿರ ಫಾರಂ ತುಂಬಿದ್ದೇನೆ, ಇದೊಂದರಲ್ಲೇ ನಿಜ ಬರೆದಿದ್ದು.

"ಸ್ವಲ್ಪ ಟೈಮ್ ಕೊಡ್ತೀರಾ?"

ತಿಂಗಳ ಕೊನೆಯವರೆಗೆ ಕೊಟ್ಟರು. ಬಾಗಿಲಲ್ಲಿ ನಿಂತು, "ಟೈಮ್ ಕೇಳೋರು ಕಡಿಮೆ" ಅಂದು ಕೆಮ್ಮುತ್ತಾ ಇಳಿದರು.

ಏಪ್ರಿಲ್ 12

ಅವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು, "ಸಹಿ ಹಾಕಿಬಿಡು. ನೀನು ಅಲ್ಲೇ ಇರು. ನಾನು ಇವತ್ತಿದ್ದು ನಾಳೆ ಇಲ್ಲ ಅನ್ನೋ ಕೇಸು. ನನ್ನ ನಂಬಿ ನಿನ್ನ ಕಾಲ ಕೆಳಗಿನ ನೆಲ ಬಿಡಬೇಡ."

"ಹಾಗಾದ್ರೆ ಮದುವೆ ಯಾಕಾದ್ರಿ?"

"ಆಗ ಇದೆಲ್ಲ ಯೋಚಿಸಲಿಲ್ಲ."

"ಈಗ ಯೋಚಿಸಿ ಪಶ್ಚಾತ್ತಾಪ ಪಡ್ತಿದ್ದೀರಾ?"

"ನಿನಗೆ ಯಾವುದು ಒಳ್ಳೇದು ಅಂತ ಹೇಳಿದೆ, ಅಷ್ಟೇ."

ಫೋನ್ ಇಟ್ಟೆ. ನಮ್ಮ ಮೊದಲ ಜಗಳ. ಒಂದು ಕ್ಷಣ ಹೆಮ್ಮೆಯಾಯಿತು, ಗಂಡನ ಜೊತೆ ಜಗಳ ಆಡಿದೆನಲ್ಲ ಅಂತ. ಆಮೇಲೆ ಮನೆ ಎಷ್ಟು ದೊಡ್ಡದಾಗಿಬಿಟ್ಟಿತು.

ಏಪ್ರಿಲ್ 15

ಫೋನ್ ಇಲ್ಲ.

ಏಪ್ರಿಲ್ 19

ಇಲ್ಲ. ನಾನೂ ಮಾಡಲಿಲ್ಲ. ಎಂಟಕ್ಕೆ ಹಲ್ಲು ಕಚ್ಚಿ ಪಾತ್ರೆ ತೊಳೆಯುತ್ತೇನೆ, ತೊಳೆದಿದ್ದನ್ನೇ.

ಏಪ್ರಿಲ್ 24, ಬೆಳಿಗ್ಗೆ

ಫೋನ್. ಅವರ ನಂಬರ್. ಎತ್ತಿದರೆ ಅತ್ತೆ.

"ಏನಮ್ಮಾ ಸೊಸೆ, ಇದ್ದೀಯಾ ಸತ್ತೆಯಾ?"

"ಇದ್ದೀನಿ ಅತ್ತೆ. ಅವರು ಹುಷಾರಾ?"

"ಅವನಿಗೇನು ಧಾಡಿ. ಸ್ನಾನಕ್ಕೆ ಹೋಗಿದ್ದಾನೆ, ಅದಕ್ಕೇ ಫೋನ್ ಕದ್ದೆ. ದಿನಾ ಊಟಕ್ಕೆ ಮೂರು ತಟ್ಟೆ ಇಡ್ತಾನೆ, ಆಮೇಲೆ ಒಂದನ್ನ ಎತ್ತಿಡ್ತಾನೆ. ನೋಡಿ ನೋಡಿ ನನಗೆ ಸುಸ್ತಾಯ್ತು. ಯಾವಾಗ ಬರ್ತೀಯ? ನನ್ನ ಹತ್ರ ಟೈಮ್ ಇಲ್ಲ ಕಣಮ್ಮ."

ಕಾರ್ಡಿನ ವಿಷಯ ಹೇಳಿದೆ. ಡಿಪೆಂಡೆಂಟ್, ಅವರಿರೋವರೆಗೆ ಮಾತ್ರ... ಬಾಯಿಗೆ ಬರಲಿಲ್ಲ, ಆದರೂ ಹೇಳಿದೆ. ಹೆತ್ತ ತಾಯಿಗೆ.

"ಅವನು ಹೋದ ಮೇಲೆ ನಿನ್ನ ಗತಿ ಏನು ಅಂತ ತಾನೆ? ನಾನೂ ಅವನ ಕಾರ್ಡಿನ ಮೇಲೇ ಇರೋದು. ಹದಿನೈದು ವರ್ಷದಿಂದ ಇದನ್ನೇ ಯೋಚಿಸ್ತಾ ಯೋಚಿಸ್ತಾ ತೊಂಬತ್ತೊಂದಕ್ಕೆ ಬಂದೆ. ಓಡಿಸಿದ್ರೆ ಇಬ್ಬರನ್ನೂ ಒಟ್ಟಿಗೆ ಓಡಿಸ್ತಾರೆ. ನೀನು ನನ್ನ ವೀಲ್‌ಚೇರ್ ತಳ್ಳು, ನಾನು ನಿನಗೆ ದಾರಿ ಹೇಳ್ತೀನಿ."

ನಕ್ಕೆ. ಅವರೂ ನಕ್ಕರು. ಆಮೇಲೆ ಇಬ್ಬರೂ ನಗಲಿಲ್ಲ. ಹಿಂದೆ ನಲ್ಲಿ ನಿಂತ ಸದ್ದು. "ಬಂದ, ಬಂದ" ಅಂದು ಫೋನ್ ಇಟ್ಟರು, ಕಳ್ಳರ ಹಾಗೆ.

ಏಪ್ರಿಲ್ 26

ಕನ್ಸಲ್ಟೆಂಟ್ ಮೂರು ಸಲ ಕೇಳಿದ. ಮೂರು ಸಲವೂ ಹೇಳಿದೆ, ಉತ್ತರ ಸರಿಯಾಗೇ ಇದೆ, ಹಾಗೇ ಇರಲಿ. ಹೊರಡುವ ಮುಂಚಿನ ಟ್ಯಾಕ್ಸ್ ಲೆಕ್ಕ ತೆಗೆದ. ಕಟ್ಟಿದೆ. ತಂಗಿಗೆ ಮೆಸೇಜ್ ಹಾಕಿದೆ. ಓದಿದ ಗುರುತಿಗೆ ಎರಡು ನೀಲಿ ಟಿಕ್ ಬಂದಿವೆ, ಉತ್ತರ ಬಂದಿಲ್ಲ.

ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬೇಡ ಅಂತಾರೆ. ಎಲ್ಲ ಮುಗಿದ ಮೇಲೇ.

ಮೇ 13

ಕಾರ್ಡ್ ಒಪ್ಪಿಸಿದೆ. ಕೌಂಟರಿನ ಹುಡುಗಿ ಕತ್ತರಿಯಲ್ಲಿ ಮೂಲೆ ಕತ್ತರಿಸಿದಳು, ಕರೆಕ್ಟಾಗಿ ನನ್ನ ಫೋಟೋದ ಕಿವಿ ಹೋಯಿತು. ಒಂದು ರಸೀದಿ ಕೊಟ್ಟಳು. ಹೊರಗೆ ಮೆಟ್ಟಿಲ ಮೇಲೆ ಕೂತೆ. ರಸೀದಿಯನ್ನು ಎರಡು ಸಲ ಓದಿದೆ. ಇನ್ನು ಯಾವ ದೇಶದಲ್ಲೂ ನನ್ನ ಹೆಸರಿನ ಬಾಗಿಲಿಲ್ಲ. ಹೆದರಿಕೆ ಆಗಿದ್ದು ನಿಜ. ಬರೆದಿಡುತ್ತೇನೆ, ಮುಂದೆ ಯಾವತ್ತಾದರೂ ಧೈರ್ಯವಂತೆ ಅಂತ ಬೀಗಬಾರದು.

ಮೇ 17, ಸಂಜೆ

ಸಾಮಾನು ಕಟ್ಟುತ್ತಿದ್ದೆ. ಮಂಚ ಎಳೆದೆ, ಬೀರು ಎಳೆದೆ. ಬೆಲ್ ಆಯಿತು. ಕೆಳಗಿನ ಮನೆಯಾಕೆ, ಏಪ್ರನ್‌ನಲ್ಲೇ.

"ನಿಮ್ಮ ಮನೆಯಿಂದ ಶಬ್ದ ಬಂತು. ಬಿದ್ದಿರೇನೋ ಅಂದುಕೊಂಡೆ."

ಒಳಗೆ ಕರೆದೆ. ಕೂರಲು ಪೆಟ್ಟಿಗೆ. ಕಪ್ಪುಗಳೆಲ್ಲ ಕಟ್ಟಿಬಿಟ್ಟಿದ್ದೆ, ಎರಡು ಬಿಟ್ಟು. ನೀಲಿ ಕಪ್ಪಿನಲ್ಲಿ ಅವರಿಗೆ ಟೀ ಕೊಟ್ಟೆ.

"ಕಪ್ ಚೆನ್ನಾಗಿದೆ" ಅಂದರು. ಆಮೇಲೆ, "ಎಲ್ಲಿಗೆ ಹೊರಟಿರಿ?"

ಗಂಡನ ಮನೆಗೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಬ್ಬರಿಗೂ ನಗು. ಕತ್ತಲಾಗುವ ತನಕ ಕೂತಿದ್ದರು. ಅವರಿಗೂ ಯಾರೂ ಇಲ್ಲ. ಟಿವಿಯನ್ನು ಸಣ್ಣಗೆ ಇಡುತ್ತಿದ್ದರಂತೆ ಇಷ್ಟು ವರ್ಷ, ನನಗೆ ತೊಂದರೆಯಾಗದಿರಲಿ ಅಂತ. ಹೋಗುವಾಗ ಕಪ್ ತೊಳೆದಿಟ್ಟು ಹೋದರು. ನಾನು ಬೇಡವೆಂದರೂ.

ಮೇ 18, ಎಂಟು ಗಂಟೆ

ನಾನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಸಿಂಕ್ ಹೇಗಿದೆ?" ಅಂದೆ.

"ಮತ್ತೆ ಕಟ್ಟಿಕೊಂಡಿದೆ." ನಲ್ಲಿ ನಿಲ್ಲಿಸಿದರು. "ಸಹಿ ಹಾಕಿದೆಯಾ?"

"ಇಲ್ಲ. ಕಾರ್ಡ್ ವಾಪಸ್ ಕೊಟ್ಟೆ."

ಹಿಂದಿನಿಂದ ಅತ್ತೆಯ ಧ್ವನಿ, "ಏನಂತೆ? ಏನಂತೋ?" ಅವರು ಮೂಗು ಒರೆಸಿಕೊಂಡಿದ್ದು ಕೇಳಿಸಿತು. ಆಮೇಲೆ, ತುಂಬ ಮೆಲ್ಲಗೆ, "ಪೆನ್ ಇದೆ, ಬರ್ಕೋತೀನಿ. ಹೇಳು."

ಗುರುವಾರ ಅಂದೆ. ಬೆಳಗಿನ ಗಡಿ ಎಕ್ಸ್‌ಪ್ರೆಸ್, ಒಂದೂವರೆಗೆ ನಿಮ್ಮ ಸ್ಟೇಷನ್ನು, ಹಿಂದಿನಿಂದ ಎರಡನೇ ಬೋಗಿ, ಕೈಯಲ್ಲಿ ನೀಲಿ ಕಪ್.