ಗೆರೆಯೊಳಗೆ ಮಾವ ಇಲ್ಲ

ಕೊಟ್ಟೂರು, ನವೆಂಬರ್ 2003

ಮಕ್ತುಂ ಸಾಬರಿಗೆ ಸಲಾಂ.

ನೀವು ತೀರಿಕೊಂಡ ಮೇಲೆ ಫುಟ್‌ಬಾಲ್ ತಂಡ ಆರಿಸುವ ಕೆಲಸ ನನಗೆ ಬಂದಿದೆ. ಇಂದಿನ ವರದಿ ಒಪ್ಪಿಸುತ್ತಿದ್ದೇನೆ.

ಭಾನುವಾರ ಹರಪನಹಳ್ಳಿಯವರೊಂದಿಗೆ ಪಂದ್ಯವಿದೆ. ಮೈದಾನದ ನಡುವೆ ಆಡಲು ಪ್ರವೀಣ ಸಿದ್ಧನಿದ್ದಾನೆಯೇ ಎಂದು ನೋಡಬೇಕಿತ್ತು. ಹುಡುಗನ ಪಾಸು ಕರಾರುವಾಕ್ಕು. ಆದರೆ ಹಿರಿಯರೆದುರು ಬಾಯಿ ಬಿಡುವುದಿಲ್ಲ. ನಿಮ್ಮ ಪದ್ಧತಿಯಂತೆ ಇಂದಿನ ಅಭ್ಯಾಸದ ಆಟದಲ್ಲಿ ಅವನನ್ನು ಹಿರಿಯರ ಜೊತೆ ಆಡಿಸಿದೆ. ಅವನ ಹಿಂದೆ, ಅವನನ್ನು ಸಾಕಿದ ಸೋದರಮಾವ ಉಜ್ಜಿನಪ್ಪನನ್ನೇ ನಿಲ್ಲಿಸಿದೆ. ಕೂಗಿ ಕೇಳುವವರೆಗೆ ಚೆಂಡು ಕೊಡಬೇಡ ಎಂದು ಉಜ್ಜಿನಪ್ಪನಿಗೆ ಹೇಳಿದ್ದೆ.

ಅರ್ಧ ಆಟ ಮುಗಿದರೂ ಪ್ರವೀಣ ಕೈಯನ್ನಷ್ಟೇ ಎತ್ತುತ್ತಿದ್ದ. ಈ ಸಲ ಬೇಡ ಎಂದು ನಾನು ನಿರ್ಧರಿಸುವಷ್ಟರಲ್ಲಿ ಕೇಳಿಸಿತು:

“ಲೇ ಉಜ್ಜಿನ್ಯಾ, ಕಣ್ಣು ಕಾಣಂಗಿಲ್ಲೇನಲೇ? ಇತ್ತಾಗ ಕೊಡೋ!”

ಉಜ್ಜಿನಪ್ಪ ಕೊಟ್ಟ. ಅಲ್ಲಿಂದ ಎರಡೇ ಪಾಸಿಗೆ ಗೋಲಾಯಿತು.

ಆಟ ಮುಗಿದೊಡನೆ ಹುಡುಗ ಮಾವನ ಕಾಲಿಗೆ ಬಿದ್ದ. “ತಪ್ಪಾತ್ರಿ ಮಾವಾ.”

“ಗೆರಿ ಒಳಗ ಮಾವ ಇಲ್ಲಪಾ. ಐತ್ವಾರನೂ ಹಿಂಗ ಬೈ. ಮನ್ಯಾಗ ಮಾತ್ರ ಬ್ಯಾಡ, ನಿಮ್ಮತ್ತಿನೂ ಶುರು ಮಾಡ್ತಾಳ.”

ಮೈದಾನದ ಗೆರೆಯ ಈ ಮಾತು ನಿಮ್ಮದೇ. ಹಿಂದೆ ನನಗೆ ಚೆಂಡು ಕೊಡದೆ ಸತಾಯಿಸಿದವರೂ ನೀವೇ. ಕೊನೆಗೆ ನಾನು “ಲೇ ಮಕ್ತುಂ!” ಎಂದು ಕಿರುಚಿದಾಗ ನಗುತ್ತಾ ಕೊಟ್ಟಿರಿ, ಆ ವಾರವೇ ತಂಡಕ್ಕೂ ಸೇರಿಸಿಕೊಂಡಿರಿ. ನನ್ನ ಆಟವೆಲ್ಲ ಅಲ್ಲಿಂದ ಶುರುವಾಯಿತು.

ಗೆರೆಯ ಹೊರಗೆ ಮಾತ್ರ ನಿಮ್ಮ ಮುಂದೆ ನಾನು “ಹೂಂ ರೀ ಸಾಬ್ರ” ಎಂಬುದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಅದಕ್ಕೇ ಇಷ್ಟು ಬರೆದೆ.

ಭಾನುವಾರ ಪ್ರವೀಣ ಆಡುತ್ತಾನೆ.

ನಿಮ್ಮ
ಕೊಟ್ರೇಶ