ಮೂರನೇ ಕಪ್ಪಿಗೆ ಮೊದಲೇ ಎದ್ದವರು

ಹವಾಸಾ,
ಹಿದಾರ್ ತಿಂಗಳು, ಭಾನುವಾರ

ಬೆಲಾಚೆವ್ ಅವರಿಗೆ ಅಸ್ಕಾಲೆಯ ನಮಸ್ಕಾರ. 'ಪ್ರೀತಿಯ' ಅಂತ ಬರೆಯೋಕೆ ಕೈ ಬರಲಿಲ್ಲ.

ನೀವು ಕಳಿಸಿದ ಹಿರಿಯರು ನಿನ್ನೆ ಅಕ್ಕನ ಮನೆಗೆ ಬಂದಿದ್ದರು. ಗಂಡ ಹೆಂಡತಿ ನಮ್ಮಿಬ್ಬರನ್ನ ಒಂದು ಮಾಡೋಕೆ ಬಂದವರು ಹೊರಗೆ ನಿಂತ ಬಾಡಿಗೆ ಕಾರಿನ ಕಡೆಯೇ ನೋಡ್ತಿದ್ದರು. ನಾನು ಕಾಫಿ ಬೀಜ ತೊಳೆದು, ಹುರಿದು, ಆ ಹೊಗೆಯನ್ನ ಒಬ್ಬೊಬ್ಬರ ಮುಂದೆ ಹಿಡಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಬಗ್ಗಿಸಿದೆ. ನಿಮ್ಮ ಚಿಕ್ಕಪ್ಪ ಮೊದಲನೇ ಕಪ್ಪು ಮುಗಿಸಿ ಎದ್ದೇಬಿಟ್ಟರು. ಬೇಗ ಮುಗಿಸ್ಕೊಂಡು ಬನ್ನಿ ಅಂತ ಬೆಲಾಚೆವ್ ಹೇಳಿದಾನಮ್ಮ, ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳ್ಬಿಡು ಅಂದರು. ಮೂರು ಸುತ್ತಲ್ಲಿ ಕೊನೇದಾದ ಮೂರನೇ ಕಪ್ಪಿನ ಆಶೀರ್ವಾದ ಬಿಟ್ಟು ಎದ್ದ ಹಿರಿಯರನ್ನ ನಮ್ಮ ಕೇರಿಯಲ್ಲಿ ಯಾರೂ ಕಂಡಿಲ್ಲ. ಎರಡನೇ ಕಪ್ಪಿಗಾದರೂ ಕೂರಿ ಅಂದ ಅಕ್ಕನ ಮಾತು ಕೇಳದೆ ಕಾರು ಹತ್ತಿದರು.

ಅವರನ್ನ ಬೈದು ಏನು ಪ್ರಯೋಜನ, ಕಲಿಸಿಕೊಟ್ಟವರು ನೀವು. ಅಂಗಿ ಹೊಲಿಯೋ ಶೆಡ್ಡಿಗೆ ನೀವು ಮೇಲ್ವಿಚಾರಕರಾಗೋ ಮೊದಲು ಮಧ್ಯಾಹ್ನ ಹೆಂಗಸರೆಲ್ಲ ಹಿಂದುಗಡೆ ಕೂತು ಮೂರು ಸುತ್ತು ಕಾಫಿ ಕುಡೀತಿದ್ವಿ. ಮೊದಲನೇದಕ್ಕೆ ಬೆನ್ನುನೋವಿನ ಮಾತು, ಎರಡನೇದಕ್ಕೆ ಗಂಡಂದಿರಿಗೆ ಬೈಗುಳ, ಮೂರನೇದಕ್ಕೆ ಸುಮ್ಮನೆ ಕೂರೋದು. ಸುಮ್ಮನೆ ಕೂತಾಗಲೇ ತಲೆ ತಿಳಿಯಾಗ್ತಿದ್ದದ್ದು. ನೀವು ಬಂದು ಸೀಟಿ ಊದಿ ಒಂದೇ ಕಪ್ಪಿಗೆ ಇಳಿಸಿದಿರಿ, ಅದೂ ನಿಂತುಕೊಂಡು. ಕಣ್ಣು ಮಂಜಾಗ್ತಿದೆ ಸಾರ್, ಸ್ವಲ್ಪ ಕೂತು ಬರ್ತೀನಿ ಅಂತ ಪಕ್ಕದ ಮೆಷಿನ್ನಿನ ಬಿರ್ಕೆ ಕೇಳಿದಾಗ, ನಿನ್ನ ಮೆಷಿನ್ ಯಾವತ್ತಾದರೂ ಹಾಗಂದಿದೆಯಾ ಅಂತ ನಕ್ಕಿರಿ. ಅವತ್ತು ಸಂಜೆ ಸೂಜಿ ಅವಳ ಬೆರಳಿನ ಮೂಳೆಗೇ ಇಳಿಯಿತು. ಬಿಡಿಸಿದವಳು ನಾನು. ನೀವು ರಕ್ತ ತಾಗಿದ ಅಂಗಿಗಳನ್ನ ಬೇರೆ ಮಾಡ್ತಿದ್ದಿರಿ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ ರೀ. ಅದಕ್ಕೇ ಅವತ್ತು ನಾನು ನಮ್ಮ ಮನೆಗೆ ಬರದೆ ನೇರ ಅಕ್ಕನಲ್ಲಿಗೆ ಬಂದಿದ್ದು.

ಈಗ ನನ್ನನ್ನ ಕರೆಯೋಕೂ ಸೀಟಿ ಊದಿದಿರಿ. ಇನ್ನು ಯಾರನ್ನೂ ಕಳಿಸಬೇಡಿ.

ಇಂತಿ,
ಕಾಲರ್ ಹೊಲಿಯೋ ಅಸ್ಕಾಲೆ

ತಾ.ಕ.: ಒಪ್ಪಿಗೆ ಹೇಳೋದು ಮೂರನೇ ಕಪ್ಪಿಗೆ ಅಂತ ನಿಮಗೂ ಗೊತ್ತು. ಸಿಟ್ಟು ಇಟ್ಟುಕೊಂಡೇ ಬರೋಳಿದ್ದೆ. ಬಟ್ಟೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೆ. ಅವರ ಕಾರು ಬೀದಿ ತಿರುಗೋ ಹೊತ್ತಿಗೆ ಎರಡನೇದು ಇನ್ನೂ ಒಲೆ ಮೇಲಿತ್ತು.