"ನಮ್ಮದೇನೈತ್ರಿ" ಅನ್ನಬೇಡ, ನೀಲವ್ವ ಆಯಿ

ಉಸಿರುಬೀಗದ ನೂರಾ ನಲವತ್ತನೆಯ ವರ್ಷ,
ಮೂರನೆಯ ಶ್ರಾವಣದ ನಲವತ್ತನೇ ದಿನ,
ಕಪ್ಪತಗುಡ್ಡದ ಕೆಳಗಿನ ರಸ್ತೆ

ಪೊಲೀಸ್ ಕಾನ್‌ಸ್ಟೇಬಲ್ ನೀಲವ್ವ ಆಯಿಗೆ, ನಿನ್ನ ಮರಿಮೊಮ್ಮಗಳ ಮೊಮ್ಮಗಳು ಕಾಶವ್ವ ಮಾಡುವ ಶರಣು.

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಮಳೆ ಬೀಳುವ ತನಕ ಶ್ರಾವಣ ಮುಗಿಯುವುದಿಲ್ಲ, ಒಂದರ ಮೇಲೊಂದು ಎಣಿಸುತ್ತಲೇ ಇರುತ್ತೇವೆ. ನನ್ನ ಕೆಲವು ಶಬ್ದಗಳೂ ನಿನಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೋ. ನೀನಿನ್ನೂ ಹರೆಯದ ಹುಡುಗಿ, ನಾನು ಮೊಣಕಾಲು ನೋವಿನ ಮುದುಕಿ. ಆದರೂ ವಂಶದಲ್ಲಿ ನೀನೇ ಆಯಿ, ನಾನೇ ಕೂಸು.

ನಾಳೆ ಗದಗಿನಲ್ಲಿ ನಿನಗೆ ಸನ್ಮಾನ. ಬಾಯಿಗೆ ಮಷೀನು ಹಿಡಿದು ಊದಿಸಿ, ಕುಡಿದು ಗಾಡಿ ಓಡಿಸುವವರನ್ನು ತಡೆದ ಪೊಲೀಸರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಿನ್ನ ಕೈಗೆ ಮೈಕು ಕೊಡುತ್ತಾರೆ. ನೀನು ತಲೆ ತಗ್ಗಿಸಿ, "ನಮ್ಮದೇನೈತ್ರಿ, ಎಲ್ಲಾ ಮಷೀನ ಮಾಡ್ತು" ಅನ್ನುತ್ತೀ. ಜೋರು ಚಪ್ಪಾಳೆ ಬೀಳುತ್ತದೆ. ಆ ಒಂದು ಮಾತನ್ನು ನಿನ್ನ ಬಾಯಲ್ಲೇ ತಡೆಯಲಿಕ್ಕೆ ಈ ಪತ್ರ.

ಸನ್ಮಾನ ಆದವರೆಲ್ಲ ಹಾಗೇ ಅನ್ನುತ್ತಾರೆ, ಗೊತ್ತು. ಆದರೆ ನಿನ್ನ ಮಾತು ಪೇಪರಿನಲ್ಲಿ ಬಂತು. ಪೇಪರಿನಿಂದ ಸರಕಾರದ ಭಾಷಣಕ್ಕೆ ಹೋಯಿತು. ಭಾಷಣದಿಂದ ಕಾನೂನಿಗೆ ಇಳಿಯಿತು. ಪೊಲೀಸಿನವಳೇ ತನ್ನದೇನೂ ಇಲ್ಲ ಅಂದಮೇಲೆ ಅವಳು ಯಾಕೆ ಬೇಕು ಅಂದರು. ಗಾಡಿ ತಡೆದು ತಪಾಸಣೆ ಮಾಡುವ ನಾಕಾ ಕಿತ್ತರು. ನೀನು ನಿಂತಿದ್ದ ಜಾಗದಲ್ಲಿ ಕರಿಕಲ್ಲು ನೆಟ್ಟು ನಿನ್ನ ಮಾತು ಕೆತ್ತಿಸಿದರು. ಪ್ರತಿ ಆಯುಧಪೂಜೆಗೆ ನಿನ್ನ ಊದುವ ಮಷೀನಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಯುತ್ತಾರೆ. ನಿನಗೆ ಒಂದು ಹೂವೂ ಇಲ್ಲ.

ಈಗ ಪ್ರತಿ ಗಾಡಿಯೊಳಗೂ ಉಸಿರುಬೀಗ ಇದೆ. ಓಡಿಸುವವನ ಉಸಿರಿನಲ್ಲಿ ಸೆರೆಯ ವಾಸನೆ ಬಂದರೆ ಅದು ಗಾಡಿಯನ್ನು ಬದಿಗೆ ನಿಲ್ಲಿಸುತ್ತದೆ, ಬಾಗಿಲು ತೆರೆಯುತ್ತದೆ, ಇಳಿ ಅನ್ನುತ್ತದೆ. ಇಳಿದ ಮೇಲೆ ಗಾಡಿ ತಾನೇ ಮನೆಗೆ ವಾಪಸು ಹೋಗುತ್ತದೆ. ಅದರ ಕೆಲಸ ಮುಗಿಯಿತು. ರಸ್ತೆಯಲ್ಲಿ ಯಾರೂ ಸಾಯುವುದಿಲ್ಲ ಎಂದು ಸರಕಾರ ಎದೆ ತಟ್ಟಿಕೊಳ್ಳುತ್ತದೆ. ನಿಜವೇ, ಸುಳ್ಳೆಂದು ನಾನು ಹೇಳಲಾರೆ.

ನನ್ನ ತಮ್ಮ ಹುಚ್ಚೀರ ಸತ್ತದ್ದು ರಸ್ತೆಯಲ್ಲಲ್ಲ, ರಸ್ತೆಯ ಕೆಳಗಿನ ಹೊಲದಲ್ಲಿ. ಬೇಸಿಗೆಯ ನಡುಮಧ್ಯಾಹ್ನ ಒಂದು ತೊಟ್ಟಿಲ ಕಾರ್ಯ ಮುಗಿಸಿಕೊಂಡು ಬರುತ್ತಾ ಅರ್ಧ ದಾರಿಯಲ್ಲಿ ಬಾಟಲಿ ಬಾಯಿಗಿಟ್ಟ. ಗಾಡಿ ಅವನನ್ನು ಇದೇ ಕಲ್ಲಿನ ಬಳಿ ಇಳಿಸಿ, ಇದ್ದೊಂದು ನೆರಳನ್ನೂ ಜೊತೆಗೊಯ್ದಿತು. ನಮ್ಮ ಬಿಸಿಲು ನೀನು ಕಂಡ ಬಿಸಿಲಲ್ಲ, ಆಯಿ. ಕುಡಿದ ಮನುಷ್ಯ ನೀರು ಹುಡುಕುತ್ತಾ ಹೊಲಕ್ಕಿಳಿದ. ಅವನ ಪಕ್ಕದಲ್ಲೇ ಎಷ್ಟೋ ಗಾಡಿಗಳು ಹೋಗಿವೆ. ಎಲ್ಲವೂ ಗಾಜು ಏರಿಸಿಕೊಂಡೇ ಹೋಗಿವೆ.

ನಾಕಾ ಇದ್ದಲ್ಲಿ ಒಬ್ಬ ಮನುಷ್ಯ ಬೇಕು ಎಂದು, ಈ ರಸ್ತೆಯ ಕಾರುಬಾರು ನೋಡುವ ರಸ್ತೆಸಭೆಗೆ ಹೋದೆ. ಅಧ್ಯಕ್ಷ ನಕ್ಕ. "ನಿಮ್ಮ ಆಯೀನ ಹೇಳ್ಯಾಳಲ್ಲಬೇ, ನಮ್ಮದೇನೈತಿ ಅಂತ. ಕಲ್ಲಿನ್ಯಾಗ ಐತಿ, ಓದಾಕ ಬರಂಗಿಲ್ಲೇನು?"

"ಕಲ್ಲು ನೀರು ಕೊಡ್ತೈತೇನೋ ಯಪ್ಪಾ?" ಅಂದೆ. ಹೊರಗೆ ಹಾಕಿದರು. ನನ್ನ ಆಯಿಯ ನಾಲಿಗೆಯಿಂದಲೇ ನನ್ನ ಬಾಯಿ ಮುಚ್ಚಿಸಿದರು. ಅಂದಿನಿಂದ ದಿನಾ ನೀರಿನ ಬಿಂದಿಗೆ ಹೊತ್ತುಕೊಂಡು ಬಂದು, ಗಾಡಿ ಇಳಿಸಿ ಹೋದವರಿಗಾಗಿ ಈ ಕಲ್ಲಿನ ಬಳಿ ಕೂರುತ್ತೇನೆ. ಮಾತಾಡಲಿಕ್ಕೆ ನರಪಿಳ್ಳೆ ಇಲ್ಲ. ಸಂಜೆಯಾದರೆ ನನ್ನ ದನಿ ನನಗೇ ಹೊಸತು ಅನ್ನಿಸುತ್ತದೆ.

ಪೊಲೀಸರನ್ನು ಹೊಗಳಿದ ಕೇರಿ ನಮ್ಮದಲ್ಲ. ಲಾಠಿಯ ರುಚಿ ನಮ್ಮ ಬೆನ್ನಿಗೆ ಗೊತ್ತು. ನಿನಗೆ ಖಾಕಿ ಬಂದಾಗ ನಿಮ್ಮಪ್ಪ ಮೂರು ದಿನ ಮಾತು ಬಿಟ್ಟನಂತೆ. ಆದರೆ ನಾಕಾದಲ್ಲಿ ನೀನು ಮಾಡಿದ್ದನ್ನು ನಮ್ಮ ಹೆಂಗಸರು ರೊಟ್ಟಿ ಬಡಿಯುತ್ತಾ ಒಬ್ಬರಿಂದೊಬ್ಬರಿಗೆ ದಾಟಿಸಿ ನನ್ನವರೆಗೂ ತಂದಿದ್ದಾರೆ. ಒಬ್ಬ ದೊಡ್ಡ ಮನೆತನದವನನ್ನು ನೀನು ನಿಲ್ಲಿಸಿದ್ದೆ.

"ಹೆಣ್ಣಮಗಳಾಗಿ ಗಂಡಸರ ಬಾಯಿ ಮೂಸ್ತೀ, ನಾಚ್ಕಿ ಬರಂಗಿಲ್ಲೇನ ನಿನಗ?"

"ನಿನ್ನ ಹೆಣ ಮೂಸೂದಕ್ಕಿಂತ ಬಾಯಿ ಮೂಸೂದು ಚಲೋ ಐತೋ ಅಣ್ಣಾ. ಊದು!"

ಅವನು ಊದಿದ. ಮಷೀನು ಕೀಂ ಅಂದಿತು. ಅಲ್ಲಿಗೆ ಮಷೀನಿನ ಕೆಲಸ ಮುಗಿಯಿತು, ಕೇಳಿಸಿಕೋ. ಕೀಲಿ ಕಸಿದುಕೊಂಡವಳು ನೀನು. ಮೇಲಿನಿಂದ ಫೋನು ಬಂದಾಗ, "ಕೀಲಿ ಕೊಡಂಗಿಲ್ರೀ ಸಾಹೇಬ್ರ, ಬೇಕಾದ್ರ ನನ್ನ ಟ್ರಾನ್ಸ್‌ಫರ್ ಮಾಡ್ರಿ" ಅಂದವಳು ನೀನು. ಅವನನ್ನು ನೆರಳಿಗೆ ಕೂರಿಸಿ, ನೀರು ಕುಡಿಸಿ, ಅವನ ಹೆಂಡತಿಗೆ ಫೋನು ಹಚ್ಚಿ, "ಬಾರವ್ವಾ, ನಿನ್ನ ಗಂಡ ಜೀವಂತ ಅದಾನ, ಕರಕೊಂಡ ಹೋಗು" ಅಂದವಳು ನೀನು. ಅವಳು ಬರುವ ತನಕ ಅವನ ಬೈಗುಳ ತಿನ್ನುತ್ತಾ ಪಕ್ಕದಲ್ಲಿ ನಿಂತವಳೂ ನೀನೇ. ಯಾವ ಮಷೀನು ಬೈಸಿಕೊಂಡಿತ್ತು, ಹೇಳು!

ನಮ್ಮಂಥವರಿಗೆ ವಿನಯ ಕಲಿಸಿದವರು ಯಾರು, ಆಯಿ? ಸಾವಿರ ವರ್ಷ ಊರೆಲ್ಲ ಗುಡಿಸಿ, ಹೆಣ ಎತ್ತಿ, ಕೊನೆಗೆ "ನಮ್ಮದೇನೈತ್ರಿ" ಅಂದೆವು. ಹೌದು ಹೌದು, ನಿಮ್ಮದೇನೂ ಇಲ್ಲ ಎಂದು ಎಲ್ಲವನ್ನೂ ಅವರು ಬರೆಸಿಕೊಂಡರು. ನಾವು ಮರ್ಯಾದೆಗೆ ಆಡಿದ ಮಾತನ್ನು ಅವರು ಸಾಕ್ಷಿ ಮಾಡಿಕೊಂಡರು.

ಅದಕ್ಕೇ ನಾಳೆ ಮೈಕು ಬಂದಾಗ ತಲೆ ಎತ್ತು. ನಾನು ನಿಲ್ಲಿಸಿದೆ ಅನ್ನು. ಕೀಲಿ ಕಸಿದೆ, ನೀರು ಕೊಟ್ಟೆ, ಅವನ ಮನೆಯವರು ಬರುವ ತನಕ ಕಾದೆ ಅನ್ನು. ನಿನ್ನ ಜೊತೆ ಬಿಸಿಲಲ್ಲಿ ನಿಂತರೂ ಶಾಲು ಸಿಗದ ಹೋಮ್‌ಗಾರ್ಡ್ ಹುಡುಗಿಯರ ಹೆಸರು ಹಿಡಿದು ಕೂಗು. ಸೊಕ್ಕು ಬಂತು ನೋಡು ಅನ್ನುವವರು ಅನ್ನಲಿ. ಚಪ್ಪಾಳೆ ಬೀಳದಿದ್ದರೂ ಚಿಂತೆಯಿಲ್ಲ.

ನಿನ್ನ ಒಂದು ಮಾತಿಗೆ ಕಾನೂನು ಬದಲಾದೀತೋ ಇಲ್ಲವೋ, ನಾನರಿಯೆ. ಆದರೆ ನೀನಿರುವ ಕಾಲದಲ್ಲಿ ನನ್ನ ಹುಚ್ಚೀರ ಇನ್ನೂ ಹುಟ್ಟಿಲ್ಲ. ಸತ್ತೂ ಇಲ್ಲ. ಅವಸರ ಮಾಡು, ಆಯಿ.

ನಿನ್ನ,
ಕಾಶವ್ವ